ಇಪ್ಪೆಯ ಹೂವು, ಅಬಕಾರಿ ಮತ್ತು ಗೊಂಡ ಸಮುದಾಯ: ನಾಗಪುರ ಸೀಮೆಯ ಒಂದು ಅವಲೋಕನ

ಕನ್ನಡದ ‘ಇಪ್ಪೆ’ ಅಥವಾ ‘ಹಿಪ್ಪೆ’, ತೆಲುಗಿನ ‘ಇಪ್ಪ’, ತಮಿಳಿನ ‘ಇರುಪ್ಪೈ’, ಗೊಂಡಿಯ ‘ಇರುಪ್’ ಇವೆಲ್ಲ ಒಂದೇ ದ್ರಾವಿಡ ಮೂಲದ ಶಬ್ದಗಳು. ನಾಗಪುರದ ಸುತ್ತಲಿನ ಕಾಡುಗಳ ಗೊಂಡರು ನಮ್ಮ ಭಾಷಾಬಂಧುಗಳೆಂಬುದಕ್ಕೆ ಈ ಮರದ ಹೆಸರೂ ಒಂದು ಸಾಕ್ಷಿ. ಇದೇ ಮರದ ಹೂವಿನಿಂದ ಇಳಿಸಿದ ಸಾರಾಯಿ ಆ ಸಮುದಾಯದ ಬದುಕನ್ನು ಹಾಳುಗೆಡವಿದ್ದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ. ಕುಡಿತವು ಗೊಂಡರ ಹುಟ್ಟುಗುಣವೆಂಬ ಪ್ರಚಲಿತ ಅಭಿಪ್ರಾಯವನ್ನು ಇತಿಹಾಸವು ಸಮರ್ಥಿಸುವುದಿಲ್ಲ.

ನಾಗಪುರವನ್ನು ಕಟ್ಟಿಸಿದ ಬಖ್ತ ಬುಲಂದ ಶಹಾ ದೇವಗಢದ ಗೊಂಡ ದೊರೆ. ಆ ಜನರಿಗೆ ಇಪ್ಪೆಯು ಮೊದಲು ಆಹಾರ, ಆಮೇಲೆ ಪಾನೀಯ. ಬೇಸಗೆಯಲ್ಲಿ ಉದುರಿದ ಹೂವನ್ನು ನಸುಕಿನಲ್ಲೇ ಆರಿಸಿ ಒಣಗಿಸಿಟ್ಟರೆ ಕಾಳುಕಡಿ ಮುಗಿದ ತಿಂಗಳುಗಳಲ್ಲಿ ಅದೇ ಹೊಟ್ಟೆಗೆ ಆಧಾರ. ಮದುವೆ, ಮರಣ, ದೇವರ ಕಾರ್ಯಗಳಲ್ಲಿ ಸಾರಾಯಿಗೆ ವಿಹಿತವಾದ ಸ್ಥಾನವಿತ್ತು. ರಸೆಲ್ ಮತ್ತು ಹೀರಾಲಾಲ್ 1916ರಲ್ಲಿ ಪ್ರಕಟಿಸಿದ, ಮಧ್ಯಪ್ರಾಂತದ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ಗ್ರಂಥದಲ್ಲಿಯೂ ಈ ಆಚರಣೆಗಳ ವಿವರ ದೊರೆಯುತ್ತದೆ. ಸಂದರ್ಭಕ್ಕೆ ಕಟ್ಟುಬಿದ್ದ ಪಾನವು ತಾನಾಗಿಯೇ ಒಂದು ಮಿತಿಯನ್ನು ಹಾಕಿಕೊಂಡಿತ್ತೆಂದು ಭಾವಿಸಬಹುದು.

1861ರಲ್ಲಿ ನಾಗಪುರವನ್ನು ರಾಜಧಾನಿಯಾಗಿ ಮಾಡಿಕೊಂಡು ಮಧ್ಯಪ್ರಾಂತ ರಚಿತವಾಯಿತು. ಅಬಕಾರಿಯು ಆಂಗ್ಲ ಸರಕಾರದ ಮುಖ್ಯ ಆದಾಯಗಳಲ್ಲೊಂದು. ಭಟ್ಟಿಯ ಹಕ್ಕು ಹರಾಜಾಗತೊಡಗಿದಾಗ, ಹೆಚ್ಚು ಹಣ ಕೂಗಿದ ಗುತ್ತಿಗೆದಾರನಿಗೆ ಹೆಚ್ಚು ಸಾರಾಯಿ ಮಾರುವುದು ಅನಿವಾರ್ಯವಾಯಿತು. ಮನೆಯ ಭಟ್ಟಿ ಹಲವೆಡೆ ಅಪರಾಧವೆನಿಸಿತು; ಅಂಗಡಿಯ ಸಾರಾಯಿ ಮಾತ್ರ ದಿನವೂ ದೊರೆಯತೊಡಗಿತು. ಹಬ್ಬದ ಪಾನೀಯವು ಸಾಲದ ಸರಕಾಯಿತು. ಕೂಲಿಯ ಹಣ ಮನೆ ಸೇರಲಿಲ್ಲ; ಅದರ ಭಾರವನ್ನು ಹೆಂಗಸರೂ ಮಕ್ಕಳೂ ಹೊತ್ತರು.

ಇದರ ವಿರುದ್ಧ ದನಿಯೂ ನಾಗಪುರದಲ್ಲಿ ಎದ್ದಿತು. 1920ರ ಡಿಸೆಂಬರಿನ ಕಾಂಗ್ರೆಸ್ ಅಧಿವೇಶನದ ಬೆನ್ನಿಗೆ, 1921ರಲ್ಲಿ, ಇಲ್ಲಿಯ ಸಾರಾಯಿ ಅಂಗಡಿಗಳ ಮುಂದೆ ಸ್ವಯಂಸೇವಕರು ಪಿಕೆಟಿಂಗ್ ನಡೆಸಿದರು. 1938ರಲ್ಲಿ ಮಧ್ಯಪ್ರಾಂತ ಮತ್ತು ಬೇರಾರಿನ ಪಾನನಿರೋಧ ಶಾಸನ ಬಂದಿತು. ಆದರೆ ಇವು ಬಹುಮಟ್ಟಿಗೆ ನಗರದಿಂದ ಹೊರಟ ಪ್ರಯತ್ನಗಳು.

ಕಾಡಿನ ಹಳ್ಳಿಗಳೇ ಮುಂದಾದ ಪ್ರಯತ್ನವನ್ನು ನಾಗಪುರದ ಆಗ್ನೇಯಕ್ಕಿರುವ ಗಡಚಿರೋಲಿಯಲ್ಲಿ ಕಾಣುತ್ತೇವೆ. 1982ರಲ್ಲಿ ಚಂದ್ರಪುರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಗೊಂಡರೂ ಮಾಡಿಯಾ ಗೊಂಡರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ವೈದ್ಯದಂಪತಿಗಳಾದ ಅಭಯ ಬಂಗ ಮತ್ತು ರಾಣಿ ಬಂಗ 1986ರಲ್ಲಿ ಇಲ್ಲಿ ‘ಸರ್ಚ್’ ಸಂಸ್ಥೆಯನ್ನು ತೆರೆದರು. ಕುಡಿತವೂ ಆರೋಗ್ಯದ ಪ್ರಶ್ನೆಯೇ ಎಂಬ ಅರಿವಿನಿಂದ ಹಳ್ಳಿಗಳಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ದಾರೂಮುಕ್ತಿ ಆಂದೋಲನ ಬೆಳೆದು 1993ರಲ್ಲಿ ಜಿಲ್ಲೆಗೆ ಪಾನನಿರೋಧ ಬಂದಿತು. ಕಾನೂನೊಂದರಿಂದಲೇ ಕುಡಿತ ನಿಲ್ಲಲಿಲ್ಲ, ಕಳ್ಳಭಟ್ಟಿ ಉಳಿಯಿತು. ಆದಕಾರಣವೇ 2016ರಲ್ಲಿ ‘ಮುಕ್ತಿಪಥ’ವೆಂಬ ಕಾರ್ಯಕ್ರಮವನ್ನು ಆರಂಭಿಸಬೇಕಾಯಿತು. ನೆರೆಯ ಚಂದ್ರಪುರದಲ್ಲಿ 2015ರಲ್ಲಿ ಬಂದ ನಿಷೇಧವನ್ನು ಸರಕಾರ 2021ರಲ್ಲಿ ಹಿಂತೆಗೆದುಕೊಂಡಿತು. ಮೇಲಿನಿಂದ ಬಂದ ಆಜ್ಞೆಯನ್ನು ಮೇಲಿನವರೇ ಅಳಿಸಬಲ್ಲರು.

ಅನುಸೂಚಿತ ಪ್ರದೇಶಗಳ ಪಂಚಾಯತಿಗಳನ್ನು ಕುರಿತ 1996ರ ಶಾಸನವು ಮಾದಕ ಪಾನೀಯಗಳ ನಿಷೇಧ ಹಾಗೂ ನಿಯಂತ್ರಣದ ಅಧಿಕಾರದಲ್ಲಿ ಗ್ರಾಮಸಭೆಗೆ ಪಾಲು ಕೊಟ್ಟಿರುವುದು ಈ ಹಿನ್ನೆಲೆಯಲ್ಲಿ ಗಮನಾರ್ಹ. ಅಬಕಾರಿ ಕಿತ್ತುಕೊಂಡಿದ್ದು ಮಿತಿಯನ್ನು ತಾವೇ ಗೊತ್ತುಪಡಿಸುವ ಈ ಅಧಿಕಾರವನ್ನೇ.

ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ, ಹೆಂಡ ಮಾರುವವನಾಗಿದ್ದೂ ಕುಡಿಯಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿದನೆಂದು ಶರಣಪರಂಪರೆ ನಂಬುತ್ತದೆ. ಮಾರುವವನಿಗೆ ಕುಡಿಯುವವನ ಹಿತ ಕಾಣಿಸಿತು. ಬೊಕ್ಕಸವೇ ಮಾರಾಟಗಾರನಾದ ವ್ಯವಸ್ಥೆಯಲ್ಲಿ ಆ ಹಿತವನ್ನು ನೋಡುವ ಹೊಣೆ ಹಳ್ಳಿಯದೇ ಆಯಿತೆಂಬುದು ನಮ್ಮ ಅಭಿಪ್ರಾಯ.