ದುರಸ್ತಿ

ಮಳೆಗಾಲ ಹತ್ತಿರವಾದಾಗ ಮುಂಬೈಯ ದಾದರ್ ಸ್ಟೇಷನ್ನಿನ ಆಸುಪಾಸು ‘ಛತ್ರಿ ದುರುಸ್ತಿ’ ಎಂಬ ಮರಾಠಿ ಫಲಕ ಕಂಡರೆ ಕನ್ನಡಿಗರಿಗೆ ನಿಘಂಟು ಬೇಕಿಲ್ಲ. ಎರಡೂ ಭಾಷೆಗೆ ಈ ಪದ ಬಂದದ್ದು ಪಾರಸಿಯಿಂದ. ಅಲ್ಲಿ ‘ದುರುಸ್ತ್’ ಎಂದರೆ ಸರಿಯಾದ, ನೆಟ್ಟಗಿರುವ. ಮೈ ನೆಟ್ಟಗಿದ್ದರೆ ‘ತಂದುರುಸ್ತಿ’. ಮುರಿದಿರಲೇಬೇಕೆಂಬ ಷರತ್ತು ಮೂಲದಲ್ಲಿಲ್ಲ. ಮರಾಠಿಯಲ್ಲಿ ಸಂವಿಧಾನದ ತಿದ್ದುಪಡಿಯೂ ‘ಘಟನಾದುರುಸ್ತಿ’ಯೇ. ನಮ್ಮ ಕಂದಾಯ ಇಲಾಖೆಯ ‘ಪೋಡಿ ದುರಸ್ತಿ’ಯಲ್ಲೂ ಒಡೆದದ್ದೇನಿಲ್ಲ, ಹಿಸ್ಸೆಗಳಿಗೆ ತಕ್ಕಂತೆ ಜಮೀನಿನ ದಾಖಲೆ ಸರಿಪಡಿಸುತ್ತಾರೆ, ಅಷ್ಟೇ.

ಬ್ರೌಸರ್ ಎಕ್ಸ್‌ಟೆನ್ಶನ್‌ನ ಪರದೆ ನೋಡಿಕೊಳ್ಳುವ ಕೆಲಸಕ್ಕೆ ಈ ಅಗಲ ಅರ್ಥವೇ ಬೇಕು. ಯಾರೂ ಮುಟ್ಟದ ಕೋಡ್ ಕೂಡ ಹಳತಾಗುತ್ತದೆ: 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳು ನಿಂತೇಹೋದವು. ಉಳಿಸಿಕೊಳ್ಳಬೇಕೆಂದವರು ಬಟನ್, ಮೆನುಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು.

ಕನ್ನಡದ ಮಟ್ಟಿಗೆ ಕೆಲಸ ಇನ್ನೂ ನಾಜೂಕು. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಇಂತಿಷ್ಟೇ ಪಿಕ್ಸೆಲ್ ಎಂದು ಬಿಗಿದಿಟ್ಟರೆ ‘ವಿಸ್ತರಿಸಿ’ ಎಂಬಲ್ಲಿ ತ ಒತ್ತಿನ ಬುಡ ಕತ್ತರಿಸಿಹೋಗಬಹುದು. ಆಗ ಅನುವಾದ ತಿದ್ದಿ ಪ್ರಯೋಜನವಿಲ್ಲ. ಎತ್ತರದ ಕಟ್ಟು ತೆಗೆದು, ಸಾಲಿನ ಅಂತರ ಹೆಚ್ಚಿಸಿ, ಮೇಲೆ ಕೆಳಗೆ ಪ್ಯಾಡಿಂಗ್ ಕೊಡಬೇಕು. ಇಂಥದ್ದನ್ನು ‘ನಿರ್ವಹಣೆ’ ಎಂದು ಬರೆಯುವ ರೂಢಿಯಿದೆ. ಅದು ಕಚೇರಿಯ ಮಾತು. ಕೈಯಾರೆ ಬಿಚ್ಚಿ ನೆಟ್ಟಗೆ ಮಾಡುವ ಕೆಲಸ ಅದರಲ್ಲಿ ಕಾಣುವುದಿಲ್ಲ. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಧಾರಾಳವಾಗಿ ಹೀಗೆ ಬರೆಯಬಹುದು: ‘ಒತ್ತಕ್ಷರ ಕತ್ತರಿಸುತ್ತಿದ್ದ ಬಟನ್‌ಗಳನ್ನು ದುರಸ್ತಿ ಮಾಡಲಾಗಿದೆ.’