ಹೌಂಡ್ ಡಾಗ್

ಅಮೆರಿಕದ ಪ್ರಸಿದ್ಧ ರಿದಮ್ ಅಂಡ್ ಬ್ಲೂಸ್ ಗೀತೆ. ರಚನೆ ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್ ಅವರದು. ಇದನ್ನು ಮೊದಲು ಹಾಡಿದವರು ಬಿಗ್ ಮಾಮಾ ಥಾರ್ನ್‌ಟನ್. ಧ್ವನಿಮುದ್ರಣ 1952ರ ಆಗಸ್ಟ್ 13ರಂದು ಲಾಸ್ ಏಂಜಲೀಸ್‌ನಲ್ಲಿ ನಡೆಯಿತು. ಹೆಣ್ಣಿನ ದುಡ್ಡಿನಲ್ಲಿ ಬದುಕುವ ಸೋಂಬೇರಿ ಗಂಡಸನ್ನು ಮನೆಯಿಂದ ಹೊರಗಟ್ಟುವುದು ಹಾಡಿನ ವಸ್ತು. 1953ರಲ್ಲಿ ಬಿಡುಗಡೆಯಾದ ಈ ಮುದ್ರಿಕೆ ಬಿಲ್‌ಬೋರ್ಡ್‌ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 7 ವಾರ ಅಗ್ರಸ್ಥಾನದಲ್ಲಿತ್ತು. ಅದೇ ವರ್ಷ ರೂಫಸ್ ಥಾಮಸ್ ‘ಬೇರ್ ಕ್ಯಾಟ್’ ಎಂಬ ಉತ್ತರಗೀತೆ ಹಾಡಿದರು. ಅದನ್ನು ಹೊರತಂದ ಸನ್ ರೆಕಾರ್ಡ್ಸ್ ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ ಸೋತಿತು.

1955ರಲ್ಲಿ ಫ್ರೆಡ್ಡಿ ಬೆಲ್ ತಂಡ ಸಾಹಿತ್ಯ ಬದಲಿಸಿ, ಹಾಡನ್ನು ನಾಯಿಯ ಕುರಿತ ತಮಾಷೆಯಾಗಿಸಿತು. ಈ ರೂಪವನ್ನು ಲಾಸ್ ವೇಗಸ್‌ನಲ್ಲಿ ಕೇಳಿದ ಎಲ್ವಿಸ್ ಪ್ರೀಸ್ಲಿ 1956ರ ಜುಲೈ 2ರಂದು ನ್ಯೂಯಾರ್ಕ್‌ನಲ್ಲಿ 31 ಬಾರಿ ಹಾಡಿ ಧ್ವನಿಮುದ್ರಿಸಿದರು. ‘ಡೋಂಟ್ ಬಿ ಕ್ರುಯೆಲ್’ ಜೊತೆ ಬಂದ ಅವರ ಮುದ್ರಿಕೆ 11 ವಾರ ಮೊದಲ ಸ್ಥಾನದಲ್ಲಿತ್ತು. ಥಾರ್ನ್‌ಟನ್ ಅವರ ಮೂಲ ಧ್ವನಿಮುದ್ರಣ 2013ರಲ್ಲಿ ಗ್ರ್ಯಾಮಿ ಹಾಲ್ ಆಫ್ ಫೇಮ್ ಸೇರಿತು.