ತುಂಗಭದ್ರೆಯ ಆಚೆ ಪರದೇಶವಿದ್ದಾಗ

ಹೈದರಾಬಾದಿನ ನ್ಯಾಯಾಲಯ ಕೊಟ್ಟ ವಿಚ್ಛೇದನದ ಡಿಕ್ರಿಯೋ ಉತ್ತರಾಧಿಕಾರ ಪತ್ರವೋ ಅಮೆರಿಕದಲ್ಲಿ, ದುಬೈಯಲ್ಲಿ ಹೇಗೆ ಸಲ್ಲುತ್ತದೆ? ಇದು ವಿಮಾನಯುಗದ ಪ್ರಶ್ನೆಯೆಂದು ತೋರಬಹುದು. ಆದರೆ ಕಲಬುರಗಿ, ರಾಯಚೂರು, ಬೀದರಿನ ನಮ್ಮ ಹಿರಿಯರು ಈ ತೊಡಕನ್ನು ಕಾಣಲು ಸಮುದ್ರ ದಾಟಬೇಕಿರಲಿಲ್ಲ. ತುಂಗಭದ್ರೆಯನ್ನು ದಾಟಿದರೆ ಸಾಕಿತ್ತು.

ಆ ಮೂರು ಜಿಲ್ಲೆಗಳು ನಿಜಾಮರ ಸಂಸ್ಥಾನದವು. ಬಳ್ಳಾರಿ ಮದರಾಸು ಪ್ರಾಂತದ್ದು, ಸೊಲ್ಲಾಪುರ ಮುಂಬಯಿ ಪ್ರಾಂತದ್ದು. ಬ್ರಿಟಿಷ್ ಇಂಡಿಯಾದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಣ್ಣಿಗೆ ಸಂಸ್ಥಾನದ ನ್ಯಾಯಾಲಯ ವಿದೇಶಿ ನ್ಯಾಯಾಲಯವೇ. ರಾಯಚೂರಿನಲ್ಲಿ ಸಾಲದ ದಾವೆ ಗೆದ್ದವನು, ಸರ್ಕಾರದ ವಿಶೇಷ ಅಧಿಸೂಚನೆ ಇಲ್ಲದಿದ್ದರೆ, ಬಳ್ಳಾರಿಯಲ್ಲಿ ಅದನ್ನು ನೇರವಾಗಿ ಜಾರಿ ಮಾಡಿಸುವಂತಿರಲಿಲ್ಲ. ಆ ತೀರ್ಪಿನ ಆಧಾರದ ಮೇಲೆ ಹೊಸ ದಾವೆ ಹೂಡಬೇಕಿತ್ತು. 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದಿದ್ದರಿಂದ, ಆ ಭಾಷೆ ಬಾರದ ಕನ್ನಡಿಗನಿಗೆ ತನ್ನ ಗೆಲುವಿನ ಕಾಗದವನ್ನು ಓದಿಸಿಕೊಳ್ಳಲೂ ಮತ್ತೊಬ್ಬರು ಬೇಕಿತ್ತು.

ನಕಲು ಅಸಲಿಗೆ ಸರಿಯೆಂದು ಯಾರು ಹೇಳಬೇಕು? 1872ರ ಸಾಕ್ಷ್ಯ ಅಧಿನಿಯಮದ 86ನೆಯ ಕಲಮು ಆ ಹೊಣೆಯಲ್ಲಿ ಬ್ರಿಟಿಷ್ ಪ್ರತಿನಿಧಿಗೆ ಪಾಲು ಕೊಟ್ಟಿತ್ತು: ಆ ನಾಡಿನಲ್ಲಿ ನಕಲನ್ನು ದೃಢೀಕರಿಸುವ ರೂಢಿ ಇದೇ ಎಂದು ಅವನು ಪ್ರಮಾಣೀಕರಿಸಬೇಕು. ಹೈದರಾಬಾದಿನಲ್ಲಿ ಆ ಪ್ರತಿನಿಧಿಯೆಂದರೆ ಕೋಠಿಯ ರೆಸಿಡೆನ್ಸಿಯ ರೆಸಿಡೆಂಟ್. ಇಂದು ಅದೇ ಆವರಣದಲ್ಲಿ ಹೆಣ್ಣುಮಕ್ಕಳು ಪದವಿ ಓದುತ್ತಿದ್ದಾರೆ.

1950ರಲ್ಲಿ ಸಂವಿಧಾನ ಬಂದಿತು. 1951ರ ಏಪ್ರಿಲ್ 1ರಿಂದ ಸಿವಿಲ್ ಪ್ರಕ್ರಿಯಾ ಸಂಹಿತೆ ಹಳೆಯ ಸಂಸ್ಥಾನಗಳಿಗೂ ವ್ಯಾಪಿಸಿತು. ನದಿ ಮತ್ತೆ ನದಿಯಷ್ಟೇ ಆಯಿತು. ಆದರೂ ಹಳೆಯ ಕಾಗದದ ಹುಟ್ಟು ಬದಲಾಗಲಿಲ್ಲ. ಗ್ವಾಲಿಯರಿನ ನ್ಯಾಯಾಲಯ 1948ರಲ್ಲಿ ಕೊಟ್ಟ ಏಕಪಕ್ಷೀಯ ಡಿಕ್ರಿ ಅಲಹಾಬಾದಿನಲ್ಲಿ ಜಾರಿಯಾಗದೆಂದು 1962ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪ್ರತಿವಾದಿಗಳು ಆ ಸಂಸ್ಥಾನದ ನಿವಾಸಿಗಳಲ್ಲ, ಅದರ ಅಧಿಕಾರಕ್ಕೆ ಒಳಪಟ್ಟವರೂ ಅಲ್ಲ.

ಇಂದು ರೆಸಿಡೆಂಟನ ಜಾಗದಲ್ಲಿ ವಿದೇಶಾಂಗ ಸಚಿವಾಲಯವಿದೆ. 1961ರ ಹೇಗ್ ಒಪ್ಪಂದ ಭಾರತಕ್ಕೆ ಅನ್ವಯವಾದದ್ದು 2005ರ ಜುಲೈ 14ರಂದು. ನ್ಯಾಯಾಲಯದ ದೃಢೀಕೃತ ನಕಲು, ರಾಜ್ಯದ ದೃಢೀಕರಣ, ಅದರ ಮೇಲೆ ಸಚಿವಾಲಯದ ಅಪೊಸ್ಟಿಲ್: ಇದು ಕ್ರಮ. ಒಪ್ಪಂದಕ್ಕೆ ಸೇರದ ಕುವೈತಿನಂಥ ದೇಶಗಳಿಗೆ ಸಚಿವಾಲಯದ ದೃಢೀಕರಣದ ಬಳಿಕ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. 2019ರಿಂದ ಸಚಿವಾಲಯದ ಈ ಸೇವೆ ಹೈದರಾಬಾದಿನಲ್ಲಿಯೇ ದೊರೆಯುತ್ತಿದೆ.

ಆದರೆ ಅಪೊಸ್ಟಿಲ್ ದೃಢಪಡಿಸುವುದು ಸಹಿಯನ್ನು, ಸಹಿ ಹಾಕಿದವರ ಅಧಿಕಾರವನ್ನು, ಮೊಹರನ್ನು, ತೀರ್ಪಿನ ನ್ಯಾಯವನ್ನಲ್ಲ. ಎದುರು ಪಕ್ಷಕ್ಕೆ ಸಮನ್ಸು ಮುಟ್ಟಿತ್ತೇ, ಅದರ ಮಾತನ್ನು ಕೇಳಲಾಯಿತೇ ಎಂದು ಹೊರನಾಡಿನ ನ್ಯಾಯಾಧೀಶ ಕೇಳಬಹುದು. ಮುದ್ರೆಗೆ ಓಡಾಡುವವರು ಡಿಕ್ರಿಯ ಜೊತೆಗೆ ಸಮನ್ಸು ಜಾರಿಯಾದ ದಾಖಲೆಯ ದೃಢೀಕೃತ ನಕಲನ್ನೂ ತೆಗೆಸಿಟ್ಟುಕೊಳ್ಳುವುದು ಲೇಸು. ಗ್ವಾಲಿಯರಿನ ಆ ಡಿಕ್ರಿ ಸೋತದ್ದು ಮೊಹರಿನ ಕೊರತೆಯಿಂದಲ್ಲ.